ಶಾಲೆಗೆ ನಡೆಯುವ ಜಂಗಮ

ಶರಣಧರ್ಮದಲ್ಲಿ ಸ್ಥಾವರವೆಂದೂ ಜಂಗಮವೆಂದೂ ಎರಡು ಮಾತುಗಳುಂಟು. ‘ಸ್ಥಾ’ ಧಾತುವಿನಿಂದ ಹುಟ್ಟಿದ್ದು ಸ್ಥಾವರ. ಎಂದರೆ ನಿಂತದ್ದು, ನೆಲೆಯಾದದ್ದು. ‘ಗಮ್’ ಧಾತುವಿನಿಂದ ಹುಟ್ಟಿದ್ದು ಜಂಗಮ. ಎಂದರೆ ನಡೆಯುವುದು, ಚಲಿಸುವುದು. ಅಷ್ಟಾವರಣದಲ್ಲಿ ಜಂಗಮಶಬ್ದಕ್ಕಿರುವ ವಿಶೇಷಾರ್ಥವನ್ನು ಸದ್ಭಕ್ತರೆಲ್ಲರೂ ಬಲ್ಲರು. ಆದರೆ ಬಸವಾದಿ ಪ್ರಮಥರು ಆ ಶಬ್ದದ ಸಾಮಾನ್ಯಾರ್ಥವನ್ನೂ ಕೈಬಿಡಲಿಲ್ಲ. ಕಣ್ಣೆದುರಿಗೆ ನಡೆದಾಡುವ ಜೀವವನ್ನು ಕಡೆಗಣಿಸಿ, ನಿಂತ ಕಟ್ಟಡಕ್ಕೆ ಮಾತ್ರ ಸಲ್ಲಿಸುವ ಸೇವೆ ಸೇವೆಯೇ ಅಲ್ಲವೆಂಬುದು ಅವರ ಬೋಧೆಯ ತಿರುಳು. ಬೇಸಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ಕಾಲದಲ್ಲಿ ಈ ಬೋಧೆ ವರ್ಷಕ್ಕೊಮ್ಮೆ ಪ್ರತಿಯೊಬ್ಬ ಗೃಹಸ್ಥನ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಶಾಲೆ ಸ್ಥಾವರ, ಅದರೆಡೆಗೆ ಚೀಲ ಹೊತ್ತು ನಡೆಯುವ ಮಗು ಜಂಗಮ. ಗೃಹಸ್ಥನ ಸಿದ್ಧತೆ ಯಾವುದರ ಕಡೆಗೆ ಎಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ.

ಈ ವಿಚಾರವನ್ನು ಚೆನ್ನಾಗಿ ತಿಳಿಯಬೇಕಾದರೆ ಘಟ್ಟದ ಮೇಲಿನ ಭಕ್ತರು ಒಮ್ಮೆ ಘಟ್ಟದ ಕೆಳಗಿನ ಕೋಟದ ಸೀಮೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬ್ರಹ್ಮಾವರಕ್ಕೂ ಕುಂದಾಪುರಕ್ಕೂ ನಡುವೆ, ಕಡಲಿನ ಅಂಚಿನಲ್ಲಿರುವ ಊರು ಕೋಟ. ಅಲ್ಲಿಂದ ಬಡಗಲಾಗಿ ಬೈಂದೂರಿನವರೆಗೂ, ಮೂಡಲಾಗಿ ಘಟ್ಟದ ತಪ್ಪಲಿನವರೆಗೂ ಗದ್ದೆ, ತೋಟ, ಹೊಳೆ, ತೊರೆಗಳಿಂದ ತುಂಬಿದ ನಾಡು. ವೀರಶೈವರಾದ ಕೆಳದಿಯ ಅರಸರು ಬಾರಕೂರು, ಬಸರೂರುಗಳನ್ನೊಳಗೊಂಡ ಈ ನಾಡನ್ನು ಬಹುಕಾಲ ಆಳಿದ್ದರಾದ್ದರಿಂದ ಶರಣಪರಂಪರೆಗೆ ಇದು ಅಪರಿಚಿತವಾದ ನೆಲವೇನೂ ಅಲ್ಲ. ಕೋಟದ ಜನ ತಮ್ಮೂರಿನ ಅಮೃತೇಶ್ವರಿಯನ್ನು ‘ಹಲವು ಮಕ್ಕಳ ತಾಯಿ’ ಎಂದು ಕರೆಯುತ್ತಾರೆ. ಒಂದು ಮಗುವಿನ ತಾಯಿಯೆಂದಲ್ಲ, ಹಲವು ಮಕ್ಕಳ ತಾಯಿಯೆಂದು. ಈ ಹೆಸರಿನಲ್ಲಿಯೇ ಒಂದು ಧರ್ಮಸೂಕ್ಷ್ಮವಿದೆ. ಅದನ್ನು ಮುಂದೆ ನೋಡಬಹುದು.

ಈ ಸೀಮೆಯಲ್ಲಿ ಅಕ್ಷರಾರಂಭಕ್ಕೆ ದೊಡ್ಡ ಗೌರವವುಂಟು. ಬೈಂದೂರು ತಾಲೂಕಿಗೆ ಸೇರಿದ ಕೊಲ್ಲೂರಿನಲ್ಲಿ ವಿಜಯದಶಮಿಯ ದಿನ ಎಳೆಯ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯಲ್ಲಿ ಅಕ್ಷರ ಬರೆಯಿಸುತ್ತಾರೆ. ಆ ದಿನಕ್ಕೆ ಮುಹೂರ್ತವುಂಟು, ಹೊಸ ಬಟ್ಟೆಯುಂಟು, ಬಂಧುಬಳಗವುಂಟು. ಆದರೆ ಶಾಲೆಯ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ಶಾಲೆಗಳು ತೆರೆಯುತ್ತವೆ. ಕರಾವಳಿಯವರು ಪತ್ತನಾಜೆಯೆಂದು ಕರೆಯುವ ವೃಷಭಮಾಸದ ಹತ್ತನೆಯ ದಿನ ಯಕ್ಷಗಾನದ ಮೇಳಗಳು ಆ ವರ್ಷದ ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದರ ಬೆನ್ನಿಗೇ ಶಾಲೆಯ ಗಂಟೆ ಬಾರಿಸುತ್ತದೆ. ಅದರ ಬೆನ್ನಿಗೇ ಮುಂಗಾರು ಇಳಿಯುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷವೊಂದಕ್ಕೆ ಸುರಿಯುವ ಮಳೆ ಸುಮಾರು 4,000 ಮಿಲಿಮೀಟರು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಅಕ್ಕಿಯ ಮೇಲೆ ಬರೆದ ಮೊದಲ ಅಕ್ಷರಕ್ಕೆ ದೀಪದ ಬೆಳಕು ದೊರೆತರೆ, ಹೊಸ ತರಗತಿಯ ಮೊದಲ ಹೆಜ್ಜೆಗೆ ದೊರೆಯುವುದು ಕೆಸರು ಮತ್ತು ಗಾಳಿಮಳೆ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು?

ಮೊದಲನೆಯದು ಮನೆಯೊಳಗಿನ ಸಿದ್ಧತೆ. ಚೀಲ, ಕೊಡೆ, ಬರೆಯುವ ಪುಸ್ತಕ, ಪೆನ್ಸಿಲು ಇವುಗಳನ್ನು ಕೊಂಡುತರುವುದರಲ್ಲಿ ತಂದೆತಾಯಿಗಳು ಉದಾಸೀನರಲ್ಲ. ಆದರೆ ಕೊಂಡದ್ದರಿಂದಲೇ ಸಿದ್ಧತೆ ಮುಗಿಯಿತೆಂದು ತಿಳಿಯುವುದು ಸ್ಥಾವರಬುದ್ಧಿ. ಎರಡು ತಿಂಗಳ ರಜೆಯಲ್ಲಿ ಮಗುವಿನ ನಿದ್ರೆ ಹೊತ್ತು ತಪ್ಪಿರುತ್ತದೆ. ಆಟ ನೋಡಲು ಬಯಲಿನಲ್ಲಿ ಕುಳಿತು ಬೆಳಗು ಮಾಡಿದ ಮಗು, ಮದುವೆಮನೆಗಳಲ್ಲಿ ತಿರುಗಿದ ಮಗು, ಒಂದೇ ರಾತ್ರಿಯಲ್ಲಿ ಶಾಲೆಯ ಮಗುವಾಗಲಾರದು. ಶಾಲೆ ತೆರೆಯುವುದಕ್ಕೆ ಎಂಟು ಹತ್ತು ದಿನ ಮುಂಚಿನಿಂದಲೇ ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತರಬೇಕು. ದೊಡ್ಡವರು ನಡುರಾತ್ರಿಯವರೆಗೆ ಮೊಬೈಲು ಹಿಡಿದು ಕುಳಿತು ಮಗುವಿಗೆ ಮಾತ್ರ ಬೇಗ ಮಲಗೆಂದು ಹೇಳಿದರೆ ಆ ಮಾತು ಹತ್ತುವುದಿಲ್ಲ. ನುಡಿಯೂ ನಡೆಯೂ ಒಂದಾಗಿರಬೇಕೆಂಬ ಶರಣರ ನಿಯಮ ಅಡಿಗೆಮನೆಗೂ ಮಲಗುವ ಮನೆಗೂ ಸಮಾನವಾಗಿ ಅನ್ವಯಿಸುತ್ತದೆ.

ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸವನ್ನು ತಾಯಿಯೋ ಅಕ್ಕನೋ ತಾವೇ ಮುಗಿಸಿಬಿಡುವುದುಂಟು. ಅದನ್ನು ಮಗುವಿನ ಕೈಯಿಂದಲೇ ಮಾಡಿಸುವುದು ಲೇಸು. ಕಾಗದ ಸೊಟ್ಟಗೆ ಮಡಿಚಿದರೂ ಚಿಂತೆಯಿಲ್ಲ. ತನ್ನ ಕೈಯಾರೆ ಹೊದಿಸಿದ ಪುಸ್ತಕವನ್ನು ಮಗು ತನ್ನದೆಂದು ತಿಳಿಯುತ್ತದೆ. ಇದೇ ಕಾಯಕದ ಮೊದಲ ಪಾಠ. ಕಳೆದ ವರ್ಷದ ಪುಸ್ತಕದಿಂದ ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿಸಿ ಕೇಳಿದರೆ ಮರೆತ ಅಕ್ಷರ ಮರಳಿ ನಾಲಗೆಗೆ ಬರುತ್ತದೆ. ಓದುವಾಗ ಮಗು ಪುಸ್ತಕವನ್ನು ಮೂಗಿನ ಬಳಿಗೆ ತರುತ್ತದೆಯೋ, ಕರೆದರೆ ಎರಡನೆಯ ಸಲಕ್ಕೆ ತಿರುಗಿ ನೋಡುತ್ತದೆಯೋ ಎಂಬುದನ್ನು ಗಮನಿಸಬೇಕು. ಕಣ್ಣು ಕಾಣದೆ, ಕಿವಿ ಕೇಳದೆ ಹಿಂದೆಬಿದ್ದ ಎಷ್ಟೋ ಮಕ್ಕಳು ದಡ್ಡರೆಂಬ ಹೆಸರು ಹೊತ್ತಿದ್ದಾರೆ. ವೈದ್ಯರಿಗೆ ತೋರಿಸಬೇಕಾದುದನ್ನು ಬೈಗುಳದಿಂದ ಸರಿಪಡಿಸಲು ಹೊರಡುವುದು ದಯೆಯಿಲ್ಲದ ಧರ್ಮ.

ಇನ್ನೊಂದು ಮಾತು. ರಜೆಯಲ್ಲಿ ಮಗು ಹಟಮಾಡಿದಾಗ, ‘ಶಾಲೆ ಶುರುವಾಗಲಿ, ಮಾಸ್ತರರು ನಿನಗೆ ಬುದ್ಧಿ ಕಲಿಸುತ್ತಾರೆ’ ಎಂದು ಹೆದರಿಸುವುದು ಅನೇಕ ಮನೆಗಳಲ್ಲಿ ವಾಡಿಕೆ. ಈ ಒಂದು ಮಾತಿನಿಂದ ಎರಡು ಅನರ್ಥಗಳಾಗುತ್ತವೆ. ಶಾಲೆ ಶಿಕ್ಷೆಯ ಸ್ಥಳವಾಗುತ್ತದೆ. ಗುರು ದಂಡ ಹಿಡಿದ ಕಾವಲುಗಾರನಾಗುತ್ತಾನೆ. ಅಷ್ಟಾವರಣದಲ್ಲಿ ಗುರುವಿನದೇ ಮೊದಲ ಸ್ಥಾನ. ಗುರುವು ಶಿಷ್ಯನ ಅಂಗೈಯಲ್ಲಿ ಲಿಂಗವನ್ನಿಡುತ್ತಾನೆಯೇ ಹೊರತು ಬಾಸುಂಡೆಯನ್ನಲ್ಲ. ಅಕ್ಷರಗುರುವಿನ ವಿಷಯದಲ್ಲಿಯೂ ಮಗುವಿನ ಮನಸ್ಸಿನಲ್ಲಿ ಭಯವನ್ನು ಬಿತ್ತದೆ ಭಕ್ತಿಯನ್ನು ಬಿತ್ತಬೇಕು. ಶಾಲೆಯಲ್ಲಿ ಏನುಂಟು ಎಂಬ ಕುತೂಹಲವನ್ನು ಎಬ್ಬಿಸಬೇಕು. 1902ರಲ್ಲಿ ಇದೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದರು. ಲೋಕದ ನಾನಾ ವಿಷಯಗಳನ್ನು ಎಳೆಯರಿಗೆ ತಿಳಿಯುವಂತೆ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಮಗುವಿನ ಕಣ್ಣಿಗೆ ಪ್ರಪಂಚವನ್ನೇ ತೆರೆದಿಡಬೇಕೆಂಬ ಆ ಶ್ರಮಕ್ಕೆ ಬೆನ್ನೆಲುಬಾದದ್ದು ಕುತೂಹಲದ ಮೇಲಿನ ನಂಬಿಕೆ; ಹೆದರಿಕೆಯ ಮೇಲಿನದಲ್ಲ.

ಇಷ್ಟೂ ಮನೆಯೊಳಗಿನ ಮಾತಾಯಿತು. ಆದರೆ ಹೊಸ್ತಿಲಿನಿಂದ ಶಾಲೆಯ ಜಗಲಿಯವರೆಗೆ ಒಂದು ದಾರಿಯಿದೆ. ಮನೆಯನ್ನು ತಂದೆತಾಯಿ ನೋಡಿಕೊಳ್ಳುತ್ತಾರೆ, ಶಾಲೆಯನ್ನು ಉಪಾಧ್ಯಾಯರು ನೋಡಿಕೊಳ್ಳುತ್ತಾರೆ. ನಡುವಿನ ದಾರಿಯನ್ನು ನೋಡಿಕೊಳ್ಳುವವರು ಯಾರು? ಮಗು ನಿಜವಾಗಿ ಜಂಗಮವಾಗುವುದು ಆ ದಾರಿಯಲ್ಲಿಯೇ, ಒಂಟಿಯಾಗುವುದೂ ಅಲ್ಲಿಯೇ.

ಕುಂದಾಪುರ, ಬೈಂದೂರು ತಾಲೂಕುಗಳ ಒಳನಾಡಿನಲ್ಲಿ ಮನೆಗಳು ಒತ್ತಾಗಿಲ್ಲ. ಒಂದೊಂದು ಗದ್ದೆಯ ಮಗ್ಗುಲಲ್ಲಿ ಒಂದೊಂದು ಮನೆ. ನಡುವೆ ತೊರೆಗಳು. ಬೇಸಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವ ತೊರೆ ಮಳೆಗಾಲದಲ್ಲಿ ಹೊಳೆಯಾಗುತ್ತದೆ. ಅದರ ಮೇಲೆ ಅಡಿಕೆಯ ಮರವನ್ನೋ ತೆಂಗಿನ ಮರವನ್ನೋ ಅಡ್ಡಹಾಕಿ ಕಾಲುಸಂಕ ಮಾಡಿಕೊಳ್ಳುತ್ತಾರೆ. ಮಳೆಗೆ ಪಾಚಿ ಕಟ್ಟಿದ ಆ ಮರದ ಮೇಲೆ, ಬೆನ್ನಿಗೆ ಪುಸ್ತಕದ ಭಾರ, ಒಂದು ಕೈಯಲ್ಲಿ ಗಾಳಿಗೆ ಎಳೆಯುವ ಕೊಡೆ, ಹೀಗೆ ಮಕ್ಕಳು ದಾಟುತ್ತಾರೆ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಒಂದು ಎಳೆಯ ಮಗು ಇಂಥ ಸಂಕದಿಂದ ಕಾಲುಜಾರಿ ನೀರುಪಾಲಾಯಿತು. ಆ ಮಗುವಿಗೆ ಮನೆಯೂ ಇತ್ತು, ಶಾಲೆಯೂ ಇತ್ತು. ಇಲ್ಲದಿದ್ದುದು ನಡುವಿನ ದಾರಿ.

ಒಳನಾಡಿನಲ್ಲಿ ತೊರೆಯ ಭಯವಾದರೆ ಕಡಲಂಚಿನಲ್ಲಿ ಹೆದ್ದಾರಿಯ ಭಯ. 66ನೆಯ ರಾಷ್ಟ್ರೀಯ ಹೆದ್ದಾರಿ ಕೋಟದ ನಡುವೆಯೇ ಹಾದುಹೋಗಿದೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಮನೆ, ಇನ್ನೊಂದು ಮಗ್ಗುಲಲ್ಲಿ ಶಾಲೆಯಿರುವ ಮಕ್ಕಳು ದಿನಕ್ಕೆರಡು ಬಾರಿ ಅದನ್ನು ದಾಟಬೇಕು. 2016ರ ಜೂನ್ ತಿಂಗಳಲ್ಲಿ, ಶಾಲೆ ತೆರೆದು ಹೆಚ್ಚು ದಿನಗಳಾಗಿರಲಿಲ್ಲ, ಕುಂದಾಪುರದ ಬಡಗಲ ತ್ರಾಸಿಯಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಅಸುನೀಗಿದರು. ಈ ದುಃಖವನ್ನು ಇಲ್ಲಿ ಎತ್ತಿದ್ದು ಯಾರ ಮೇಲೂ ದೋಷ ಹೊರಿಸುವುದಕ್ಕಲ್ಲ. ಮಡಿದ ಮಕ್ಕಳ ನೆನಪು ಬದುಕಿರುವ ಮಕ್ಕಳಿಗೆ ರಕ್ಷೆಯಾಗಬೇಕು. ಇಲ್ಲದಿದ್ದರೆ ಆ ನೆನಪಿಗೆ ಅರ್ಥವಿಲ್ಲ.

2009ರ ಶಿಕ್ಷಣದ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವನ್ನು ಕೊಟ್ಟಿದೆ. ಮೊದಲ ಐದು ತರಗತಿಗಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬ ನಿಯಮವೂ ಉಂಟು. ಆದರೆ ಆ ಒಂದು ಕಿಲೋಮೀಟರಿನಲ್ಲಿ ತುಂಬಿದ ತೊರೆಯೊಂದು ಅಡ್ಡಬಂದರೆ ಆ ದೂರವನ್ನು ಅಳೆಯುವ ಕೋಲು ಯಾವುದು? ಕಾನೂನು ದೂರವನ್ನು ಅಳೆಯಬಲ್ಲದು. ಅಪಾಯವನ್ನು ಅಳೆಯತಕ್ಕವನು ಆ ದಾರಿಯಲ್ಲಿ ನಡೆದವನೇ. ಆದ್ದರಿಂದ ಶಾಲೆ ತೆರೆಯುವ ಮುನ್ನ ಗೃಹಸ್ಥನು ಮಗುವಿನ ಕೈಹಿಡಿದು ಆ ದಾರಿಯನ್ನು ಒಮ್ಮೆ ನಡೆಯಬೇಕು. ಮಳೆ ಹಿಡಿದ ಮೇಲೆ ಮತ್ತೊಮ್ಮೆ ನಡೆಯಬೇಕು. ಎಲ್ಲಿ ಅಂಚು ಕುಸಿದಿದೆ, ಎಲ್ಲಿ ಬಾವಿಗೆ ಕಟ್ಟೆಯಿಲ್ಲ, ಎಲ್ಲಿ ಮರ ಪಾಚಿಕಟ್ಟಿದೆ ಎಂಬುದನ್ನು ದೊಡ್ಡವರ ಎತ್ತರದಿಂದಲ್ಲ, ಮಗುವಿನ ಎತ್ತರಕ್ಕೆ ಬಗ್ಗಿ ನೋಡಬೇಕು. ಬೆಳಗಿನ ತೊರೆಯೇ ಸಂಜೆಯ ತೊರೆಯಲ್ಲ. ಮಧ್ಯಾಹ್ನ ಘಟ್ಟದಲ್ಲಿ ಸುರಿದ ನೀರು ಶಾಲೆ ಬಿಡುವ ಹೊತ್ತಿಗೆ ಕೆಳಗಿಳಿದಿರುತ್ತದೆ. ನೀರು ಏರಿದ ದಿನ ಎಲ್ಲಿ ನಿಲ್ಲಬೇಕು, ಯಾರ ಮನೆಯಲ್ಲಿ ಕಾಯಬೇಕು, ಯಾರು ಬಂದು ಕರೆದೊಯ್ಯುತ್ತಾರೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿ, ಆ ಮನೆಯವರಿಗೂ ಉಪಾಧ್ಯಾಯರಿಗೂ ತಿಳಿಸಿಡಬೇಕು. ‘ತಡವಾದರೆ ಬೈಯುವುದಿಲ್ಲ, ಒಬ್ಬನೇ ದಾಟಬೇಡ’ ಎಂಬ ಒಂದು ಅಭಯವಚನ ಹೊಸ ಚೀಲಕ್ಕಿಂತ ಬೆಲೆಯುಳ್ಳದ್ದು. ವ್ಯಾನಿನಲ್ಲಿ ಕಳುಹಿಸುವವರು ಬಾಡಿಗೆಯನ್ನು ಕೇಳುವುದರೊಡನೆ, ಎಷ್ಟು ಮಕ್ಕಳನ್ನು ಕೂರಿಸುತ್ತೀರೆಂಬುದನ್ನೂ ಕೇಳಬೇಕು.

‘ಹಿಂದಿನವರು ಗೊರಬು ಹೊದ್ದು, ಬರಿಗಾಲಿನಲ್ಲಿ ಸಂಕ ದಾಟಿ ಕಲಿಯಲಿಲ್ಲವೇ? ಇಷ್ಟೆಲ್ಲ ಮುದ್ದು ಮಾಡಿದರೆ ಮಕ್ಕಳು ಗಟ್ಟಿಯಾಗುವರೇ?’ ಎಂದು ಕೇಳುವ ಹಿರಿಯರುಂಟು. ಪ್ರಶ್ನೆ ತೆಗೆದುಹಾಕುವಂಥದಲ್ಲ. ಆದರೆ ಕಷ್ಟ ಬೇರೆ, ಅಪಾಯ ಬೇರೆ. ಮಳೆಯಲ್ಲಿ ನೆನೆಯುವುದು ಕಷ್ಟ. ಅದು ಮಗುವನ್ನು ಗಟ್ಟಿಮಾಡುತ್ತದೆ. ತುಂಬಿದ ತೊರೆಗೆ ಬೀಳುವುದು ಅಪಾಯ. ಅದು ಮಗುವನ್ನೇ ಉಳಿಸುವುದಿಲ್ಲ. ಹಿಂದೆ ದಾಟಿ ಬದುಕಿದವರು ಇಂದು ಮಾತನಾಡುತ್ತಾರೆ. ದಾಟದೆ ಹೋದವರ ಮಾತು ಯಾರಿಗೂ ಕೇಳಿಸುವುದಿಲ್ಲ. ಶರಣರು ತಮ್ಮ ದೇಹದ ಕಷ್ಟವನ್ನು ವ್ರತವೆಂದು ಸಹಿಸಿದರು. ಪರರ ದೇಹವನ್ನು ಅಪಾಯಕ್ಕೊಡ್ಡುವುದನ್ನು ಎಲ್ಲಿಯೂ ವ್ರತವೆಂದು ಕರೆಯಲಿಲ್ಲ.

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಅಂಬಿಗರ ಚೌಡಯ್ಯನಿದ್ದನು. ಅವನ ಕಾಯಕ ಜನರನ್ನು ಹೊಳೆ ದಾಟಿಸುವುದು. ಭವಸಾಗರದ ಮಾತನ್ನಾಡಿದ ಅವನು ನಿಜವಾದ ಹೊಳೆಯ ಹುಟ್ಟನ್ನು ಕೈಬಿಡಲಿಲ್ಲ. ನುಲಿಯ ಚಂದಯ್ಯನಿದ್ದನು; ಹುಲ್ಲು ಕೊಯ್ದು ಹಗ್ಗ ಹೊಸೆಯುವುದು ಅವನ ಕಾಯಕ. ಸೊನ್ನಲಿಗೆಯ ಸಿದ್ಧರಾಮನಿದ್ದನು, ಕೆರೆ ಕಟ್ಟಿಸಿದವನು, ಊರಿಗೆ ಬೇಕಾದುದನ್ನು ಊರವರ ಕೈಯಿಂದಲೇ ಮಾಡಿಸಿದವನು. ಸಂಕದ ಎರಡೂ ಬದಿಗೆ ಹಿಡಿಯಲು ಹಗ್ಗ ಬಿಗಿದವನು ಚಂದಯ್ಯನ ಕಾಯಕವನ್ನು ಮಾಡಿದಂತೆ. ಮಳೆಯ ಸಂಜೆ ತೊರೆಯ ಬಳಿ ನಿಂತು ಊರಿನ ಮಕ್ಕಳನ್ನು ಒಬ್ಬೊಬ್ಬರಾಗಿ ದಾಟಿಸಿದವನು ಚೌಡಯ್ಯನ ಬಂಧು. ಪಂಚಾಯತಿಗೆ ಅರ್ಜಿ ಬರೆದು, ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಶ್ವತವಾದ ಸೇತುವೆಗಾಗಿ ಬೆನ್ನುಬಿಡದೆ ದುಡಿದವನು ಸಿದ್ಧರಾಮನ ಹಾದಿಯವನು. ಮಲೆನಾಡು ಮತ್ತು ಕರಾವಳಿಯ ಇಂಥ ತೊರೆಗಳಿಗಾಗಿ ಸರಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನು ರೂಪಿಸಿತು. ಯೋಜನೆ ಇದ್ದಮಾತ್ರಕ್ಕೆ ಸೇತುವೆ ತಾನಾಗಿ ನಡೆದುಬರುವುದಿಲ್ಲ. ಕೇಳುವವರಿರಬೇಕು, ಜಾಗ ಬಿಟ್ಟುಕೊಡುವವರಿರಬೇಕು.

ಇಲ್ಲಿ ‘ಹಲವು ಮಕ್ಕಳ ತಾಯಿ’ ಎಂಬ ಹೆಸರಿಗೆ ಮರಳಬೇಕು. ತನ್ನ ಮಗುವಿಗೆ ಸಿದ್ಧತೆ ಮಾಡುವುದು ಪ್ರೀತಿ. ಅದನ್ನು ಹಕ್ಕಿಯೂ ಮಾಡುತ್ತದೆ. ನೆರೆಮನೆಯ ಮಗುವಿಗೂ ಮಾಡುವುದು ದಾಸೋಹ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಕೊಟ್ಟು ತ್ರಿವಿಧ ದಾಸೋಹಿಗಳೆನಿಸಿದರು. 2002ರಲ್ಲಿ ಸರಕಾರ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಒಂದು ಶಬ್ದ ಹೀಗೆ ನಾಡಿನ ಎಲ್ಲ ಮಕ್ಕಳ ತಟ್ಟೆಗೆ ಬಂದಿತು. ಮಠಕ್ಕೂ ಸರಕಾರಕ್ಕೂ ಒಪ್ಪಿದ ಈ ಧರ್ಮ ಒಂದು ಮನೆಗೆ ಭಾರವಾಗಬಾರದು. ಎರಡು ಕೊಡೆ ಕೊಳ್ಳುವಲ್ಲಿ ಮೂರು ಕೊಂಡರೆ ಸಾಕು. ಕೊಡುವಾಗ ಹತ್ತು ಜನರ ಮುಂದೆ ಕರೆದು ಕೊಡದೆ, ಉಪಾಧ್ಯಾಯರ ಕೈಯಲ್ಲಿ ಸದ್ದಿಲ್ಲದೆ ಇಟ್ಟರೆ ಪಡೆದ ಮಗುವಿನ ತಲೆ ತಗ್ಗುವುದಿಲ್ಲ, ಕೊಟ್ಟವನ ತಲೆ ತಿರುಗುವುದಿಲ್ಲ.

ಘಟ್ಟದ ಮೇಲಿನ ಭಕ್ತರಿಗೆ ಇದರಲ್ಲಿ ಮತ್ತೊಂದು ಹೊಣೆಯಿದೆ. ಬಾಗಲಕೋಟೆ, ಕೊಪ್ಪಳ, ಗದಗ ಮೊದಲಾದ ಕಡೆಗಳಿಂದ ಅನೇಕ ಕುಟುಂಬಗಳು ಕಟ್ಟಡದ ಕೆಲಸಕ್ಕಾಗಿ ಉಡುಪಿಯ ಸೀಮೆಗೆ ಬಂದು ನೆಲೆಸುತ್ತವೆ. ಜೂನ್ ತಿಂಗಳಲ್ಲಿ ಆ ಮಕ್ಕಳು ಅತ್ತ ಊರಿನ ಶಾಲೆಯಲ್ಲೂ ಇಲ್ಲ, ಇತ್ತ ಕರಾವಳಿಯ ಶಾಲೆಯಲ್ಲೂ ಇಲ್ಲ. ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕೆಲಸದ ಜಾಗದಲ್ಲಿ ಕುಳಿತಿರುತ್ತಾರೆ. ಹಳೆಯ ಶಾಲೆಯ ವರ್ಗಾವಣೆ ಪತ್ರ ಕೈಯಲ್ಲಿಲ್ಲವೆಂಬ ಅಳುಕಿನಿಂದ ತಂದೆತಾಯಿ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಆ ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ತಡೆಯಕೂಡದೆಂದು ಕಾಯಿದೆಯೇ ಹೇಳುತ್ತದೆ. ಇದನ್ನು ತಿಳಿದವನು ತಿಳಿಯದವನಿಗೆ ಹೇಳಿ, ಜೊತೆಗೆ ಹೋಗಿ ಹೆಸರು ಬರೆಯಿಸಿಕೊಟ್ಟರೆ ಅದಕ್ಕೆ ಖರ್ಚಾಗುವುದು ಒಂದು ಮುಂಜಾನೆ ಮಾತ್ರ. ಉಳಿಯುವುದು ಒಂದು ಬಾಳು. ಅನುಭವಮಂಟಪದಲ್ಲಿ ಅಂಬಿಗನೂ ಮಂತ್ರಿಯೂ ಒಂದೇ ನೆಲದ ಮೇಲೆ ಕುಳಿತರೆಂದು ಹೆಮ್ಮೆಪಡುವ ಸಮಾಜ, ತನ್ನ ಮಗುವಿನ ಬೆಂಚಿನಲ್ಲಿ ಕೂಲಿಯವನ ಮಗು ಕುಳಿತಾಗ ಮುಖ ಸಿಂಡರಿಸಿದರೆ ಆ ಹೆಮ್ಮೆ ಹುಸಿಯಾಗುತ್ತದೆ. ಶಾಲೆಗೆ ಹೊರಡುವ ಮುನ್ನ ಮಗುವಿಗೆ ಹೇಳಿಕೊಡಬೇಕಾದ ಕೊನೆಯ ಪಾಠವೂ ಇದೇ: ಹೊಸದಾಗಿ ಬಂದವನ ಪಕ್ಕದಲ್ಲಿ ಕುಳಿತುಕೋ, ಹೆಸರು ಕೇಳು, ಮಳೆ ಬಂದರೆ ಕೊಡೆಯಲ್ಲಿ ಜಾಗ ಕೊಡು.

ಲಿಂಗಪೂಜೆಗೆ ಕುಳಿತ ಭಕ್ತನು ಮೊದಲು ನೆಲವನ್ನು ಶುಚಿಮಾಡುತ್ತಾನೆ, ನೀರು ತುಂಬಿಡುತ್ತಾನೆ, ಆಮೇಲೆ ಪತ್ರೆಪುಷ್ಪ. ಸಿದ್ಧತೆಯಿಲ್ಲದ ಪೂಜೆ ಪೂಜೆಯಲ್ಲ. ಮಗುವನ್ನು ಶಾಲೆಗೆ ಕಳುಹಿಸುವುದೂ ಹಾಗೆಯೇ. ನಿದ್ರೆ, ಓದು, ಅಭಯ, ದಾರಿ, ನೆರೆಯ ಮಗು, ಈ ಐದನ್ನೂ ನೋಡಿಕೊಂಡ ಗೃಹಸ್ಥನು ಶಾಲೆ ತೆರೆಯುವ ದಿನ ಬಾಗಿಲಲ್ಲಿ ನಿಂತು ಮಗುವನ್ನು ಬೀಳ್ಕೊಟ್ಟರೆ ಸಾಲದು. ಸಂಜೆ ಶಾಲೆ ಬಿಡುವ ಹೊತ್ತಿಗೆ, ಮಳೆಯಿದ್ದರೆ, ಎದ್ದು ತೊರೆಯವರೆಗೂ ಹೋಗಬೇಕು. ಹೋದಾಗ ತನ್ನ ಮಗುವಿನ ಹಿಂದೆ ಬರುವ ಮಕ್ಕಳನ್ನೂ ಎಣಿಸಬೇಕು. ಕೊನೆಯ ಮಗು ಈಚೆ ದಡಕ್ಕೆ ಬಂದಮೇಲೆ ಮನೆಯ ಕಡೆಗೆ ತಿರುಗಬೇಕು.

ಈ ವರ್ಷ ಹೊಸ ತರಗತಿಗೆ ಕಾಲಿಡುವ ಎಲ್ಲ ಮಕ್ಕಳ ದಾರಿ ನಿರ್ವಿಘ್ನವಾಗಲಿ. ಆ ದಾರಿಯನ್ನು ಹಸನುಮಾಡುವ ಬುದ್ಧಿ ಎಲ್ಲ ಹಿರಿಯರಿಗೂ ಒದಗಲಿ. ಶಿವಾರ್ಪಣಮಸ್ತು.